ನಾನು ಯಾರ ಹೆಸರನ್ನೂ ಹೇಳಲಿಲ್ಲ

ಆಶ್‌ಕೂಂಬ್
ಮೇ 19, 2002

ಪ್ರಿಯ ಬೆರಿಲ್,

ನೀನು ಊರು ಬಿಟ್ಟ ಮೇಲಿನ ಮೊದಲ ನೀಲಿಗಂಟೆ ಭಾನುವಾರ ಹೋದ ವಾರ ಮುಗಿಯಿತು. ಹೋದ ವರ್ಷ ದನಗಳಿಗೆ ಕಾಲುಬಾಯಿ ಜ್ವರ ಬಂದು ಕಾಲುದಾರಿಗಳನ್ನೆಲ್ಲ ಮುಚ್ಚಿದ್ದರಲ್ಲ, ಪಾದ್ರಿತೋಪಿಗೆ ಕಾಲಿಟ್ಟವರೇ ಇರಲಿಲ್ಲ. ಅದರ ಬಡ್ಡಿಯೂ ಸೇರಿದಂತೆ ಈ ಸಲ ಜನ ಬಂದರು. ತೋಪಿನ ತುಂಬ ನೀಲಿಗಂಟೆ ಹೂವು, ಹೂವಿನ ಸುತ್ತ ಕ್ಯಾಮೆರಾ, ಸಭಾಭವನದಲ್ಲಿ ಚಹಾಕ್ಕೆ ಸಾಲು. ಚಹಾದ ಹಂಡೆ ಎತ್ತಲು ಹೋಗಿ ನನ್ನ ಕಾಲು ಉಳುಕಿತು. ಈಗ ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ.

ನಿನ್ನ ಮನೆ ಕೊಂಡ ರಡಕ್ ದಂಪತಿಗಳ ವಿಷಯ ಕೇಳಿದ್ದೆಯಲ್ಲ. ಲೆನ್ ಬರ್ಮಿಂಗ್‌ಹ್ಯಾಮಿನಲ್ಲಿ ಬಸ್ಸು ಓಡಿಸುತ್ತಿದ್ದನಂತೆ. ರಸ್ತೆಯ ಆ ಬದಿಯಲ್ಲಿ ಹೋಗುವವರನ್ನೂ ಕೂಗಿ ಮಾತಾಡಿಸುತ್ತಾನೆ. ಹೆಂಡತಿ ಜೀನೆಟ್ ಈ ಸಲದ ಚಹಾಕ್ಕೆ ಮೂರಂತಸ್ತಿನ ಕೇಕ್ ತಂದಿದ್ದಳು, ಮೇಲೆಲ್ಲ ನೀಲಿ ಸಕ್ಕರೆ ಹೂವು. ನಮ್ಮ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳ್ಳೆಯವರೇ. ನಮ್ಮೂರಿಗೆ ಸ್ವಲ್ಪ ಜಾಸ್ತಿಯೇ ಒಳ್ಳೆಯವರು.

ಈಗ ಕೆಟ್ಟ ಸುದ್ದಿ. ಪಿಮ್ ಮೇಷ್ಟ್ರು ತೋಪಿನಲ್ಲಿ ಒಂದು ಗುಂಪು ಸ್ಪೇನಿನ ಜಾತಿಯ ನೀಲಿಗಂಟೆ ಕಂಡಿದ್ದಾರೆ. ನಮ್ಮ ತೋಪಿನಲ್ಲಿ! ನೀನು ಇಷ್ಟು ವರ್ಷ ಅಧ್ಯಕ್ಷೆಯಾಗಿ ಕಾದ ತೋಪಿನಲ್ಲಿ! ಈ ಕಾಲಿನಿಂದಾಗಿ ನಾನಿನ್ನೂ ಹೋಗಿ ನೋಡಿಲ್ಲ. ಆದರೆ ಮೊನ್ನೆ ಊರ ಸಭೆಗೆ ಕೋಲೂರಿಕೊಂಡು ಹೋಗಿ ಎದ್ದು ನಿಂತೆ.

"ನಮ್ಮ ಹೂವು ಒಂದೇ ಕಡೆ ತಲೆ ಬಗ್ಗಿಸ್ಕೊಂಡಿರುತ್ತೆ, ಘಮ ಅನ್ನುತ್ತೆ. ಸ್ಪೇನಿಂದು ನೆಟ್ಟಗೆ ನಿಂತಿರುತ್ತೆ, ವಾಸನೆ ಇಲ್ಲ. ಎರಡೂ ಬೆರೆತ್ರೆ ಮುಗೀತು, ನಮ್ದು ಅನ್ನೋದೇ ಉಳಿಯಲ್ಲ," ಅಂದೆ. "ಇದು ತಾನಾಗಿ ಬಂದದ್ದಲ್ಲ. ಯಾರದೋ ತೋಟದಿಂದ ಬೇಲಿ ದಾಟಿದೆ. ಊರಿಗೆ ಹೊಸದಾಗಿ ಬಂದೋರಿಗೆ ಇದೆಲ್ಲ ಗೊತ್ತಿರಲ್ಲ, ಪಾಪ. ನೋಡಕ್ಕೆ ಚೆನ್ನಾಗಿದ್ರೆ ಸಾಕು ಅನ್ಕೋತಾರೆ."

ನಾನು ಯಾರ ಹೆಸರನ್ನೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಎಲ್ಲರ ಕತ್ತೂ ತಾನಾಗಿಯೇ ರಡಕ್ ದಂಪತಿಗಳ ಕಡೆ ತಿರುಗಿತು. ಜೀನೆಟ್ ಕಿವಿಯವರೆಗೆ ಕೆಂಪಾದಳು. ನೀನಿದ್ದಿದ್ದರೆ ನನ್ನ ಬೆನ್ನು ತಟ್ಟುತ್ತಿದ್ದೆ.

ಅಂದಹಾಗೆ, ಬರುವ ವರ್ಷ ನೀನು ಬರಲೇಬೇಕು. ತೋಪಿನಲ್ಲಿ ನಿನಗೋಸ್ಕರ ಒಂದು ಗುಟ್ಟಿನ ಕೆಲಸ ಮಾಡಿಟ್ಟಿದ್ದೇನೆ. ಏನು ನೆಟ್ಟೆ, ಎಲ್ಲಿ ನೆಟ್ಟೆ ಎಂದು ಕೇಳಬೇಡ. ಹೇಳುವುದಿಲ್ಲ.

ಕುಂಟುತ್ತಿರುವ ನಿನ್ನ
ಹೆಟ್ಟಿ

*

ವಿಟ್ಬಿ
ಮೇ 27, 2002

ಪ್ರಿಯ ಹೆಟ್ಟಿ,

ಕಾಲಿಗೆ ಬಿಸಿನೀರು, ಆಮೇಲೆ ತಣ್ಣೀರು. ಡಾಕ್ಟರು ಏನಾದರೂ ಹೇಳಲಿ, ನೀನು ಇದನ್ನು ಮಾಡು.

ಇಲ್ಲಿ ಎಲ್ಲ ಸರಿ ಇದೆ. ನನ್ನ ತಂಗಿ ಮೇಬಲ್ ಮೇಲಿನ ಮಹಡಿಯಲ್ಲಿ, ನಾನು ಕೆಳಗೆ. ಕಡಲಹಕ್ಕಿಗಳ ಕಾಟವೊಂದೇ. ನಿನ್ನೆ ಮೇಬಲಳ ಕೈಯಲ್ಲಿದ್ದ ಕರಿದ ಮೀನನ್ನು ಒಂದು ಹಕ್ಕಿ ಹಾಡುಹಗಲೇ ಕಸಿದುಕೊಂಡು ಹೋಯಿತು. ಅವಳು ಅದಕ್ಕೆ ಬೈದ ಬೈಗುಳ ನಮ್ಮ ಅಪ್ಪನಿಗೂ ಬರುತ್ತಿರಲಿಲ್ಲ.

ಆ ಹೂವಿನ ವಿಷಯ. ಪಿಮ್ ಮೇಷ್ಟ್ರು ಅದನ್ನು ಕಂಡದ್ದು ಎಲ್ಲಿ? ನಮ್ಮ ಹಳೇ ಮನೆಯ ಹಿತ್ತಲ ಗೋಡೆಯ ಹತ್ತಿರವೇ? ಸುಮ್ಮನೆ ಕೇಳಿದೆ. ಅವರಿಗೂ ವಯಸ್ಸಾಯಿತು, ಕಣ್ಣು ಮಂಜಾಗಿರಬಹುದು. ಬೀಜವನ್ನು ಹಕ್ಕಿ ತಂದು ಹಾಕಿರಲೂಬಹುದಲ್ಲವೇ? ರಡಕ್ ದಂಪತಿಗಳನ್ನು ತೀರಾ ದೂರಬೇಡ, ಹೆಟ್ಟಿ. ಹೊಸ ಊರಿನಲ್ಲಿ ಇರುವುದು ಸುಲಭವಲ್ಲ. ನನಗೆ ಇಲ್ಲಿ ಈಗಲೂ ಅಂಗಡಿಯವನು "ನೀವು ರಜಕ್ಕೆ ಬಂದಿದ್ದೀರಾ" ಎಂದು ಕೇಳುತ್ತಾನೆ.

ನನಗೋಸ್ಕರ ಏನು ನೆಟ್ಟೆ? ಕೇಳಬೇಡ ಅಂದರೆ ಕೇಳದಿರಲು ನಾನೇನು ಸಂತಳೇ?

ನಿನ್ನ
ಬೆರಿಲ್

*

ಆಶ್‌ಕೂಂಬ್
ಜುಲೈ 2, 2002

ಪ್ರಿಯ ಬೆರಿಲ್,

ಕಾಲು ವಾಸಿಯಾಗಿದೆ. ತೋಪಿಗೆ ಹೋಗಿಬಂದೆ.

ಹೂವು ಇದ್ದದ್ದು ಬೇಲಿ ದಾಟುವ ಮೆಟ್ಟಿಲ ಪಕ್ಕ, ಹಳೆಯ ಹೇಝಲ್ ಮರದ ಬುಡದಲ್ಲಿ. ನಿನ್ನ ಗೋಡೆಯಿಂದ ದೂರವೇನಲ್ಲ. ನಾನು ಹೋದಾಗ ಹೂವಿರಲಿಲ್ಲ, ಗುಂಡಿ ಇತ್ತು. ಲೆನ್ ರಡಕ್ ಮಂಡಿಯೂರಿ ಕೂತು ಅಗೆದ ಮಣ್ಣನ್ನು ಬೆರಳಲ್ಲಿ ಪುಡಿ ಮಾಡಿ ಹುಡುಕುತ್ತಿದ್ದ. ಯಾರೂ ಹೇಳಿರಲಿಲ್ಲ, ತಾನಾಗಿಯೇ ಬಂದಿದ್ದ.

"ಒಂದು ಗಡ್ಡೇನೂ ಬಿಟ್ಟಿಲ್ಲ, ಮಿಸೆಸ್ ಕ್ರ್ಯಾಬ್," ಅಂದ. "ನಮ್ಮ ಅಡುಗೆಮನೆ ಕಿಟಕಿ ಕೆಳಗೂ ಇದೇ ಹೂವು ಇತ್ತು. ಬಂದಾಗಿಂದ ನೋಡಿ ಖುಷಿ ಪಡ್ತಿದ್ವಿ. ಅದು ಹೆಂಗೆ ಇಲ್ಲಿಗೆ ಬಂತೋ ದೇವರಾಣೆ ಗೊತ್ತಿಲ್ಲ. ನಮ್ಮಿಂದ್ಲೇ ಆಗಿರ್ಬೇಕು. ಕ್ಷಮಿಸ್ಬೇಕು ನೀವು."

"ಪರವಾಗಿಲ್ಲ ಬಿಡಿ," ಅಂದೆ.

ಅಡುಗೆಮನೆ ಕಿಟಕಿಯ ಕೆಳಗೆ ನಿನ್ನ ಅಮ್ಮನ ಊರಿನ ನೀಲಿಗಂಟೆ ಗಡ್ಡೆ ಅಲ್ಲವೇ ಇದ್ದದ್ದು? ನೆರಳು ಜಾಸ್ತಿ, ಎಂದೂ ಹೂ ಬಿಡುವುದಿಲ್ಲ ಅನ್ನುತ್ತಿದ್ದೆ. ಈಗ ಬಿಟ್ಟಿದೆಯಂತೆ.

ನಿನಗೋಸ್ಕರ ನೆಟ್ಟದ್ದು ಏಳಲಿಲ್ಲ. ಅದನ್ನು ಮರೆತುಬಿಡು.

ಹೆಟ್ಟಿ

*

ವಿಟ್ಬಿ
ಅಕ್ಟೋಬರ್ 14, 2002

ಪ್ರಿಯ ಹೆಟ್ಟಿ,

ಬೇಸಿಗೆಯೆಲ್ಲ ನಿನಗೆ ಬರೆಯಲಿಲ್ಲ. ಮಂಡಿನೋವು ಎಂದು ಹೇಳಬಹುದು, ಆದರೆ ಮಂಡಿಯಿಂದ ಯಾರೂ ಬರೆಯುವುದಿಲ್ಲ. ಬರೆಯಲು ಮುಖವಿರಲಿಲ್ಲ.

ಅದು ನಮ್ಮಮ್ಮನ ಊರಿನ ಗಡ್ಡೆಯಲ್ಲ. ನಾನು ತೋಪಿನ ಸಮಿತಿಗೆ ಅಧ್ಯಕ್ಷೆಯಾದ ವರ್ಷ ವಿಲ್ಫ್ ತನ್ನ ಹೆಂಡತಿಗೆಂದು ಸಂತೆಯಿಂದ ತಂದದ್ದು. "ನೋಡು, ನಿನ್ನ ಹೂವು ಇನ್ಮೇಲೆ ಕಿಟಕಿ ಹತ್ರಾನೇ ಇರುತ್ತೆ," ಎಂದು ಅವನೇ ನೆಟ್ಟ. ಮುಂದಿನ ವಸಂತದಲ್ಲಿ ಅರಳಿದಾಗ ನೋಡುತ್ತೇನೆ, ನೆಟ್ಟಗೆ ನಿಂತಿವೆ, ಸುತ್ತಲೂ ಗಂಟೆ. ಅವನು ಪಕ್ಕದಲ್ಲೇ ನಿಂತು ಹಲ್ಲು ಬಿಡುತ್ತಿದ್ದ. ಇದು ಬೇಡದ ಜಾತಿ ಎಂದು ಹೇಗೆ ಹೇಳಲಿ? ತೋಪಿನಲ್ಲಿ ಇಂಥದ್ದನ್ನು ಕಂಡರೆ ಕಿತ್ತು ಬಿಸಾಕಿ ಎಂದು ಊರಿಗೆಲ್ಲ ಪಾಠ ಹೇಳಿಕೊಂಡು ತಿರುಗುವವಳು, ಮನೆಯಲ್ಲಿ ಅದನ್ನೇ ಸಾಕಿದೆ. ಪ್ರತಿ ವರ್ಷ ಮೊಗ್ಗು ಬಿರಿಯುವ ಮೊದಲು ದಂಟು ಕತ್ತರಿಸಿ ಬಚ್ಚಲಮನೆಯ ಹೂದಾನಿಯಲ್ಲಿ ಇಡುತ್ತಿದ್ದೆ, ಯಾರ ಕಣ್ಣಿಗೂ ಬೀಳದ ಹಾಗೆ. ನಿನಗೂ ಸುಳ್ಳು ಹೇಳಿದೆ. ಊರಿನಲ್ಲಿ ನಾನು ಯಾರಿಗಾದರೂ ಸತ್ಯ ಹೇಳುವುದಿದ್ದರೆ ಅದು ನಿನಗೆ. ನಿನಗೇ ಹೇಳಲಿಲ್ಲ.

ವಿಲ್ಫ್ ತೋಟದ ಕಸವನ್ನೆಲ್ಲ ಗೋಡೆಯಾಚೆ ಎಸೆಯುತ್ತಿದ್ದ. ಬೇಡ ಅಂದರೆ "ಅಲ್ಲೇ ಗೊಬ್ಬರ ಆಗುತ್ತೆ ಬಿಡೇ" ಅನ್ನುತ್ತಿದ್ದ. ಗಡ್ಡೆ ಹಾಗೇ ಹೋಗಿರಬೇಕು. ತಪ್ಪು ರಡಕ್ ದಂಪತಿಗಳದ್ದಲ್ಲ, ನಮ್ಮ ಮನೆಯದು.

ನೀನು ಎದ್ದು ನಿಂತು ನನ್ನ ಹೆಸರು ಹೇಳು. ನಾನು ದೂರದಲ್ಲಿದ್ದೇನೆ, ನನಗೇನೂ ಆಗುವುದಿಲ್ಲ. ಆ ಇಬ್ಬರು ಅಲ್ಲೇ ದಿನಾ ಅಂಗಡಿಗೆ ಹೋಗಬೇಕು.

ಬೆರಿಲ್

*

ಆಶ್‌ಕೂಂಬ್
ಡಿಸೆಂಬರ್ 11, 2002

ಪ್ರಿಯ ಬೆರಿಲ್,

ಕ್ರಿಸ್‌ಮಸ್ ಶುಭಾಶಯ. ಕಾರ್ಡಿನ ಮೇಲಿನ ಹಕ್ಕಿ ಮೇಬಲಳಿಗೆ ಇಷ್ಟವಾಗದಿರಬಹುದು, ಆದರೆ ಇದು ಮೀನು ಕದಿಯುವುದಿಲ್ಲ.

ನಿನ್ನ ಕಾಗದ ಬಂದಿತ್ತು. ತೀರಿಕೊಂಡ ವಿಲ್ಫ್‌ನ ಹೆಸರನ್ನು ಈಗ ಯಾಕೆ ಎಳೆಯುವುದು? ಊರು ಅದನ್ನೆಲ್ಲ ಮರೆತಿದೆ. ನೀನೂ ಮರೆ.

ಹೆಟ್ಟಿ

*

ಆಶ್‌ಕೂಂಬ್
ಮೇ 5, 2003

ಪ್ರಿಯ ಬೆರಿಲ್,

ನಿನ್ನೆ ನೀಲಿಗಂಟೆ ಭಾನುವಾರ. ಇದನ್ನು ಪೂರ್ತಿ ಓದು, ಮಧ್ಯೆ ಎತ್ತಿಡಬೇಡ. ಎತ್ತಿಟ್ಟರೆ ನಾನು ಇನ್ನೊಮ್ಮೆ ಬರೆಯಲಾರೆ.

ಊರು ಮರೆತಿದೆ ಎಂದು ಡಿಸೆಂಬರಿನಲ್ಲಿ ಬರೆದೆ. ಊರು ಏನನ್ನೂ ಮರೆತಿರಲಿಲ್ಲ. ಜೀನೆಟಳನ್ನು ಯಾರೂ ಯಾವುದರಿಂದಲೂ ತೆಗೆದುಹಾಕಲಿಲ್ಲ, ಅಷ್ಟು ಒರಟರಲ್ಲ ನಾವು. ಚರ್ಚಿನ ಹೂವಿನ ಸರದಿ ಬಂದಾಗ ಅವಳಿಗೆ ಫೋನು ಮಾಡುವುದನ್ನು ಎಲ್ಲರೂ ಮರೆತರು, ಅಷ್ಟೇ. ಅಂಗಡಿಯಲ್ಲಿ ಅವಳು ಬಂದರೆ ಮಾತು ಹವಾಮಾನಕ್ಕೆ ತಿರುಗುತ್ತಿತ್ತು. ಲೆನ್ ಈಗ ರಸ್ತೆಯ ಆ ಬದಿಯವರನ್ನು ಕೂಗುವುದಿಲ್ಲ. ಈ ಬದಿಯವರನ್ನೂ ಕೂಗುವುದಿಲ್ಲ.

ಆ ಗಡ್ಡೆ ವಿಲ್ಫ್ ಎಸೆದದ್ದಲ್ಲ. ನಾನು ನೆಟ್ಟದ್ದು.

ನೀನು ಹೊರಟ ದಿನ ಲಾರಿಗೆ ಸಾಮಾನು ಹೇರುತ್ತಿದ್ದರಲ್ಲ, ನೀನು ಒಳಗೆ ಪಿಂಗಾಣಿಗೆ ಕಾಗದ ಸುತ್ತುತ್ತಿದ್ದೆ. ನಾನು ಕಿಟಕಿಯ ಕೆಳಗೆ ಕೂತು ಕೈಗುದ್ದಲಿಯಿಂದ ಒಂದಿಷ್ಟು ಗಡ್ಡೆ ಅಗೆದು ಬ್ರೆಡ್ಡಿನ ಚೀಲಕ್ಕೆ ತುಂಬಿಕೊಂಡೆ. ನಿನ್ನ ಅಮ್ಮನ ಊರಿನ ಹೂವು, ಹೊಸಬರ ಕೈಗೆ ಸಿಕ್ಕಿ ಯಾಕೆ ಹಾಳಾಗಬೇಕು ಅನಿಸಿತು. ನಾವು ಫ್ಲಾಸ್ಕಿಟ್ಟುಕೊಂಡು ಕೂರುತ್ತಿದ್ದ ಹೇಝಲ್ ಮರದ ಬುಡದಲ್ಲಿ ನೆಟ್ಟೆ. ತೋಪಿನಲ್ಲಿ ನಿನ್ನದೊಂದು ಇರಲಿ, ನೀನು ಬಂದಾಗ ತೋರಿಸಿ ನಿನ್ನ ಕಣ್ಣಲ್ಲಿ ನೀರು ತರಿಸಬೇಕು ಎಂದುಕೊಂಡಿದ್ದೆ. ನೀನು ಹೋದದ್ದು ನನಗೆ ಬಹಳ ಕಷ್ಟವಾಗಿತ್ತು. ಆಗ ಹೇಳಲಿಲ್ಲ.

ಜುಲೈಯಲ್ಲಿ ಆ ಗುಂಡಿ ನೋಡಿದ ಕೂಡಲೇ ಗೊತ್ತಾಯಿತು. ನಾನೇ ನೆಟ್ಟ ಜಾಗದಲ್ಲಿ ಆ ಮನುಷ್ಯ ಮಂಡಿಯೂರಿ ನನ್ನ ಕ್ಷಮೆ ಕೇಳುತ್ತಿದ್ದ. ನಾನು ಕ್ಷಮಿಸಿದೆ! ದೊಡ್ಡಸ್ತಿಕೆಯಿಂದ ಕ್ಷಮಿಸಿದೆ. ಮನೆಗೆ ಬಂದು ಕೈ ತೊಳೆದು ಊಟ ಮಾಡಿದೆ.

ಅಕ್ಟೋಬರಿನಲ್ಲಿ ನಿನ್ನ ಕಾಗದ ಬಂದಾಗ ನನಗೆ ಹಗುರವಾಯಿತು, ಬೆರಿಲ್. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ. ವಿಲ್ಫ್ ಎಸೆದ ಅಂದುಕೊಂಡಿದ್ದಾಳೆ, ಅಂದುಕೊಂಡೇ ಇರಲಿ, ಅನಿಸಿತು. ಅದಕ್ಕೇ ಆ ಹಕ್ಕಿಯ ಕಾರ್ಡು ಕಳಿಸಿದ್ದು.

ಚಳಿಗಾಲ ಪೂರ್ತಿ ನನ್ನನ್ನು ನಾನೇ ಸಹಿಸಲಾಗಲಿಲ್ಲ. ಈ ಭಾನುವಾರ ಹೇಳಿಬಿಡಬೇಕೆಂದು ಗಟ್ಟಿ ಮಾಡಿಕೊಂಡೆ. ರಡಕ್ ದಂಪತಿಗಳೂ ಬಂದಿದ್ದರು, ಬಾಗಿಲ ಹತ್ತಿರ ನಿಂತಿದ್ದರು, ಈ ಸಲ ಕೇಕ್ ತಂದಿರಲಿಲ್ಲ. ಚಹಾ ಮುಗಿದ ಮೇಲೆ ಚಮಚದಿಂದ ಕಪ್ಪು ಬಡಿದು ಎದ್ದು ನಿಂತೆ.

"ಹೋದ ವರ್ಷದ ಹೂವಿನ ವಿಷಯ," ಅಂದೆ. "ನಮ್ಮೂರಲ್ಲೇ ಇರೋ ಒಬ್ರು, ಕೆಟ್ಟ ಮನಸ್ಸಿಂದಲ್ಲ, ತಿಳೀದೆ ಒಂದು ತಪ್ಪು ಮಾಡಿದ್ರು. ಅವ್ರಿಗೆ ಅದು ಮನಸ್ಸಲ್ಲಿ ಕೊರೀತಾ ಇದೆ. ಅವ್ರು..."

ಇಷ್ಟು ಹೇಳಿ ಉಸಿರೆಳೆದುಕೊಂಡೆ. "ಅವರು ನಾನೇ" ಎನ್ನುವುದು ಬಾಕಿ ಇತ್ತು. ಅಷ್ಟರಲ್ಲಿ ಎಲ್ಲರ ಕತ್ತೂ ಬಾಗಿಲ ಕಡೆ ತಿರುಗಿತ್ತು. ಲೆನ್ ಟೋಪಿ ತೆಗೆದು ಎರಡು ಹೆಜ್ಜೆ ಮುಂದೆ ಬಂದ.

"ಅವ್ರು ಹೇಳಿದ್ದು ಸರಿ. ಅದು ನಾವೇ," ಅಂದ. "ಊರವರಿಗೆಲ್ಲ ನೋವು ಮಾಡಿದ್ವಿ. ತಪ್ಪಾಯ್ತು. ಮಿಸೆಸ್ ಕ್ರ್ಯಾಬ್ ಇಷ್ಟು ಮರ್ಯಾದೆಯಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್."

ಯಾರೋ ಚಪ್ಪಾಳೆ ಶುರು ಮಾಡಿದರು. ಪಿಮ್ ಮೇಷ್ಟ್ರು ಹೋಗಿ ಅವನ ಬೆನ್ನು ತಟ್ಟಿ, "ಭೇಷ್, ಗಂಡಸು ಅಂದ್ರೆ ಹಿಂಗಿರ್ಬೇಕು," ಅಂದರು. ಒಂದು ವರ್ಷದಿಂದ ಅವನ ಜೊತೆ ಮಾತಾಡದಿದ್ದವರೆಲ್ಲ ಕೈ ಕುಲುಕಿದರು. ಸಭಾಭವನದ ತುಂಬ ಸಂತೋಷ. ಆಗ ಬಾಯಿ ತೆರೆದಿದ್ದರೆ ಎಲ್ಲ ಸರಿಹೋಗುತ್ತಿತ್ತು. ನಾನೂ ಚಪ್ಪಾಳೆ ತಟ್ಟಿದೆ, ಬೆರಿಲ್. ಈ ಎರಡು ಕೈಗಳಿಂದ.

ಜೀನೆಟ್ ತಟ್ಟಲಿಲ್ಲ. ಅವಳು ಗಂಡನನ್ನೂ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು.

ಏನು ಮಾಡಲಿ ಹೇಳು.

ಹೆಟ್ಟಿ

*

ವಿಟ್ಬಿ
ಮೇ 8, 2003

ಹೆಟ್ಟಿ,

ನೀನು ನನಗೋಸ್ಕರ ನೆಟ್ಟೆ ಎಂದು ಓದಿ ಅತ್ತೆ. ಅತ್ತು ಮುಗಿದ ಮೇಲೆ ಕೋಪ ಬಂತು. ಚಳಿಗಾಲವೆಲ್ಲ ವಿಲ್ಫ್‌ನ ಫೋಟೋದ ಎದುರು ಕೂತು ಅವನನ್ನು ಬೈದಿದ್ದೇನೆ, ಗೊತ್ತೇ? ಮಾಡದ ತಪ್ಪಿಗೆ ಬೈಸಿಕೊಂಡವರ ಸಾಲಿಗೆ ನನ್ನ ಗಂಡನನ್ನೂ ಸೇರಿಸಿಕೋ.

ರೈಲು ಹಿಡಿದು ಬಂದುಬಿಡೋಣ ಅನಿಸಿತು. ಮೇಬಲ್ ಟಿಕೆಟ್ಟಿಗೆ ಫೋನೂ ಮಾಡಿದಳು. ಆಮೇಲೆ ಬೇಡ ಅಂದೆ. ನಾನು ಬಂದರೆ ನೀನು ನನ್ನ ಹಿಂದೆ ನಿಲ್ಲುತ್ತೀ. ರಡಕ್ ಮನೆಗೆ ಒಬ್ಬಳೇ ಹೋಗು.

ಕೇಕ್ ತೆಗೆದುಕೊಂಡು ಹೋಗಬೇಡ. ಕೇಕ್ ಕಂಡರೆ ಅವರು "ಅಯ್ಯೋ, ಇರ್ಲಿ ಬಿಡಿ" ಅನ್ನಲೇಬೇಕಾಗುತ್ತದೆ, ನಮ್ಮ ಜನ ಹಾಗೇ. ಬರಿಗೈಯಲ್ಲಿ ಹೋಗು. "ಒಬ್ಬರು", "ಯಾರೋ" ಎಂದೆಲ್ಲ ಶುರು ಮಾಡಬೇಡ. ನಿನ್ನ ಬಾಯಿಂದ ಮೊದಲು ಬರುವ ಮಾತು ಹೆಸರಾಗಿರಲಿ. ಎರಡು ಹೆಸರು. ಗಡ್ಡೆ ಬಚ್ಚಿಟ್ಟವಳು ನಾನು.

ಬೆರಿಲ್

*

ಆಶ್‌ಕೂಂಬ್
ಮೇ 29, 2003

ಪ್ರಿಯ ಬೆರಿಲ್,

ನಿನ್ನ ಕಾಗದ ಬಂದ ಮಾರನೆಯ ದಿನವೇ ಹೋದೆ. ಬರಿಗೈಯಲ್ಲಿ.

ನಿನ್ನ ಹಿತ್ತಲನ್ನು ನೀನು ಈಗ ನೋಡಬಾರದು. ಏನೂ ಇಲ್ಲ. ಕಿಟಕಿಯ ಕೆಳಗೆ, ದಾರಿಯ ಎರಡೂ ಬದಿಗೆ, ಗೋಡೆಯ ಉದ್ದಕ್ಕೆ ಬರೀ ಮಣ್ಣು. ಅದರ ಮೇಲೆ ಹೊಸದಾಗಿ ಹಾಸಿದ ಹುಲ್ಲಿನ ತುಂಡುಗಳು, ಇನ್ನೂ ಕೂಡಿಕೊಂಡಿಲ್ಲ.

ಬಾಗಿಲು ತೆರೆದದ್ದು ಜೀನೆಟ್. ಲೆನ್ ಅವಳ ಹಿಂದೆ ಬಂದು ನಿಂತ. ಹೆಸರಿನಿಂದಲೇ ಶುರು ಮಾಡಿದೆ. ನೆಟ್ಟವಳು ನಾನು, ಹೆಟ್ಟಿ ಕ್ರ್ಯಾಬ್ ಅಂದೆ. ಎಲ್ಲ ಹೇಳಿದೆ, ಜುಲೈಯಲ್ಲೇ ಗೊತ್ತಿತ್ತು ಎನ್ನುವುದನ್ನೂ.

"ಹಂಗಾದ್ರೆ ನಮ್ದೇನೂ ಇರ್ಲಿಲ್ವಾ?" ಎಂದು ಲೆನ್ ಕೇಳಿದ.

"ಇರ್ಲಿಲ್ಲ."

"ಏನೂ?"

"ಏನೂ ಇರ್ಲಿಲ್ಲ, ಮಿಸ್ಟರ್ ರಡಕ್."

ಅವನು ಹೆಂಡತಿಯ ಕಡೆ ತಿರುಗಿ, "ನೋಡು ಜೀನ್, ಡ್ಯಾಫೋಡಿಲ್ಲು," ಅಂದ. ಒಳಗೆ ಹೋದ.

ಜೀನೆಟಳ ಅಪ್ಪ ಬರ್ಮಿಂಗ್‌ಹ್ಯಾಮಿನ ಮನೆಯ ಹಿಂದಿನ ಅಂಗೈಯಗಲ ಜಾಗದಲ್ಲಿ ಡ್ಯಾಫೋಡಿಲ್ ಹೂವು ಬೆಳೆಸುತ್ತಿದ್ದನಂತೆ. ಅವನು ತೀರಿಕೊಂಡ ಮೇಲೆ ಆ ಗಡ್ಡೆಗಳನ್ನು ಇವಳು ಇಲ್ಲಿಗೆ ತಂದು ನೆಟ್ಟಿದ್ದಳು. "ಯಾವ ಗಡ್ಡೆ ಯಾವ್ದು ಅಂತ ನಮಗೆ ಗೊತ್ತಾಗಲ್ಲ ಅಲ್ವಾ? ನಾವು ಹೊಸಬ್ರು," ಅಂದಳು. "ಇನ್ನೊಂದ್ಸಲ ನಮ್ಮಿಂದ ಏನಾದ್ರೂ ಆಗಿಬಿಟ್ರೆ ಅಂತ ಇವ್ರು ಎಲ್ಲಾನೂ ಅಗೆದ್ರು. ಸುಟ್ಟಿದ್ದು ನಾನೇ."

ನಾನು ಕ್ಷಮಿಸಿ ಅಂದೆ. ನಿನ್ನ ಪರವಾಗಿಯೂ ಅಂದೆ. ಅವಳು ಕೈಯೊರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಕೇಳಿಸಿಕೊಂಡಳು. ಒಳಗೆ ಬನ್ನಿ ಎನ್ನಲಿಲ್ಲ, ಚಹಾ ಕುಡೀತೀರಾ ಎಂದೂ ಕೇಳಲಿಲ್ಲ.

"ಇಲ್ಲಿ ಹೇಳಿದ್ರೆ ನಾವಿಬ್ರೇ ಕೇಳಿಸ್ಕೊಂಡಂಗಾಯ್ತು," ಅಂದಳು. "ನನಗೆ ಮೊದ್ಲೇ ಗೊತ್ತಿತ್ತು, ನಾವು ಹಾಕ್ಲಿಲ್ಲ ಅಂತ. ಇವ್ರಿಗೆ ಮಾತ್ರ ಅನುಮಾನ. ಮೊದಲನೇ ಸಲ ಎಲ್ಲಿ ಹೇಳಿದ್ರೋ ಅಲ್ಲೇ ಹೇಳಿ, ಮಿಸೆಸ್ ಕ್ರ್ಯಾಬ್." ಬಾಗಿಲು ಹಾಕಿದಳು. ಬಡಿಯಲಿಲ್ಲ, ಮೆಲ್ಲಗೆ ಹಾಕಿದಳು.

ನಿನ್ನೆ ಊರ ಸಭೆ. ರಸ್ತೆಯ ಗುಂಡಿಗಳ ವಿಷಯ ಮುಗಿದ ಮೇಲೆ ಎದ್ದು ನಿಂತೆ. "ಒಬ್ರು" ಎಂಬ ಮಾತು ನಾಲಿಗೆಯ ತುದಿಗೆ ತಾನಾಗಿ ಬಂದಿತ್ತು, ನುಂಗಿದೆ. "ಹೆಟ್ಟಿ ಕ್ರ್ಯಾಬ್," ಅಂದೆ. "ಸ್ಪೇನಿನ ಗಡ್ಡೆನ ತೋಪಲ್ಲಿ ನೆಟ್ಟಿದ್ದು ಹೆಟ್ಟಿ ಕ್ರ್ಯಾಬ್. ಅದನ್ನ ತೋಟದಲ್ಲಿ ಬಚ್ಚಿಟ್ಟಿದ್ದು ಬೆರಿಲ್ ಫಾಕ್ಸ್‌ಟನ್. ಲೆನ್ ರಡಕ್, ಜೀನೆಟ್ ರಡಕ್ ಏನೂ ಮಾಡಿಲ್ಲ. ಇದು ಗೊತ್ತಿದ್ದೂ ನಾನು ಒಂದು ವರ್ಷ ಸುಮ್ಮನಿದ್ದೆ. ಅವರು ತಪ್ಪಾಯ್ತು ಅಂದಾಗ ಚಪ್ಪಾಳೆ ತಟ್ಟಿದೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಿಮ್ ಮೇಷ್ಟ್ರು ಬಗ್ಗಿ ಬೂಟಿನ ಲಾಡಿ ಬಿಗಿಮಾಡಿಕೊಂಡರು, ಅವರ ಬೂಟಿಗೆ ಲಾಡಿಯೇ ಇರಲಿಲ್ಲ. ಲೆನ್ ಹಿಂದಿನ ಸಾಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ. ಜೀನೆಟ್ ಅವನ ಮಂಡಿಯ ಮೇಲೆ ಕೈಯಿಟ್ಟಿದ್ದಳು, ನನ್ನ ಕಡೆ ನೋಡಲಿಲ್ಲ. ಇನ್ನು ನೋಡುವ ಅಗತ್ಯ ಅವಳಿಗಿರಲಿಲ್ಲ.

ಉಳಿದವರೆಲ್ಲರ ಕತ್ತೂ ನನ್ನ ಕಡೆ ತಿರುಗಿತು. ಅದು ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಬೆರಿಲ್. ನನಗೆ ಬಾಗಿಲಿನವರೆಗೆ ನಡೆಯುವುದೇ ಕಷ್ಟವಾಯಿತು. ಅವರಿಬ್ಬರೂ ಆ ನೋಟದ ನಡುವೆಯೇ ಒಂದು ವರ್ಷ ಹಾಲು, ಬ್ರೆಡ್ಡು ತರಲು ಹೋಗುತ್ತಿದ್ದರು.

ಹೆಟ್ಟಿ